ಕೃತಕ ಹಲಗೆಗಳೂ ನಮ್ಮ ಮನೆಗಳೂ

ಗುಂಡ್ಲುಪೇಟೆಯ ಸುತ್ತಣ ಹಳ್ಳಿಗಳಲ್ಲಿ ಯಾವುದಾದರೊಂದು ಹಳೆಯ ಮನೆಯನ್ನು ಹೊಕ್ಕು ತಲೆಯೆತ್ತಿ ನೋಡಿದರೆ ಕಣ್ಣಿಗೆ ಬೀಳುವುದು ಮರ. ಗೋಡೆ ಮಣ್ಣಿನದಾಗಿರಲಿ ಕಲ್ಲಿನದಾಗಿರಲಿ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಬಂಡೀಪುರದ ಕಾಡಿನ ಅಂಚಿನಲ್ಲಿ ಬಾಳಿದ ಈ ಸೀಮೆಯ ಹಿರಿಯರಿಗೆ ತೇಗ ಯಾವುದಕ್ಕೆ ಒದಗುತ್ತದೆ, ಹೊನ್ನೆ ಯಾವುದಕ್ಕೆ, ಮತ್ತಿ ಯಾವುದಕ್ಕೆ ಎಂಬುದು ಬಾಯಿಪಾಠವಾಗಿದ್ದಿತು. ಯಾವ ಮರಕ್ಕೆ ಗೆದ್ದಲು ಹತ್ತುವುದಿಲ್ಲ, ಯಾವುದು ಮಳೆಗಾಲದಲ್ಲಿ ಉಬ್ಬಿ ಬಾಗಿಲು ಹಾಕಲು ಬಾರದಂತೆ ಮಾಡುತ್ತದೆ ಎಂಬುದನ್ನು ಅವರಿಗೆ ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ.

ಈಗ ಅದೇ ಹಳ್ಳಿಯ ಹೊಸ ಮನೆಯನ್ನು ಹೊಕ್ಕು ನೋಡಿರಿ. ಮಾಳಿಗೆ ಕಾಂಕ್ರೀಟಿನದು. ಮುಂಬಾಗಿಲೊಂದು ತೇಗದ್ದಾಗಿದ್ದರೆ ಅದೇ ಭಾಗ್ಯ. ಒಳಬಾಗಿಲುಗಳು, ಅಡುಗೆಮನೆಯ ಕಪಾಟುಗಳು, ಮಲಗುವ ಕೋಣೆಯ ಗೋಡೆಯುದ್ದದ ಬೀರು, ಮಕ್ಕಳು ಓದುವ ಮೇಜು, ನಡುಮನೆಯ ಹುಸಿ ಮಾಳಿಗೆ ಇವೆಲ್ಲವೂ ಪ್ಲೈವುಡ್ಡು, ಪಾರ್ಟಿಕಲ್ ಬೋರ್ಡು, ಎಂ.ಡಿ.ಎಫ್. ಎಂಬ ಹೆಸರಿನ ಹಲಗೆಗಳಿಂದಾದುವು. ಇವನ್ನೂ ನಾವು ಮರವೆಂದೇ ಕರೆಯುತ್ತೇವೆ. ಆದರೆ ಇವು ಮರ ಮತ್ತು ಅಂಟು ಕೂಡಿದ ವಸ್ತುಗಳು. ಮರದ ಗುಣವನ್ನು ಬಲ್ಲ ಹಿರಿಯರಿಗೂ ಆ ಅಂಟಿನ ಗುಣ ತಿಳಿಯದು.

ಕಳೆದ ವೈಶಾಖದಲ್ಲಿ ಗುಂಡ್ಲುಪೇಟೆಗೆ ಸಮೀಪದ ಹಳ್ಳಿಯೊಂದರಲ್ಲಿ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಹಿಂದಿನ ಸಂಜೆಯವರೆಗೂ ಬಡಗಿಗಳು ಗರಗಸ ಆಡಿಸಿದ್ದರಂತೆ. ಊಟವಾದ ಮೇಲೆ ಒರಗಿಕೊಳ್ಳಲೆಂದು ಒಳಕೋಣೆಯಲ್ಲಿ ಚಾಪೆ ಹಾಸಿಕೊಟ್ಟರು. ಕಿಟಕಿ ಮುಚ್ಚಿದ್ದಿತು, ಹೊರಗೆ ಉರಿಬಿಸಿಲು. ಕಾಲುಗಂಟೆ ಕಳೆಯುವುದರೊಳಗೆ ಕಣ್ಣು ಉರಿಯತೊಡಗಿ ಗಂಟಲು ಕೆರೆಯಿತು. ಪಕ್ಕದಲ್ಲಿ ಮಲಗಿದ್ದ ಮಗುವು ಎದ್ದು ಅಳಹತ್ತಿತು. ‘ಹೊಸಾ ಮನೆ ವಾಸ್ನೆ ಕಣಪ್ಪ, ನಾಕು ದಿನ ಇರುತ್ತೆ, ಆಮೇಲೆ ಹೋಗುತ್ತೆ’ ಎಂದು ಮನೆಯ ಅಜ್ಜಿ ಸಮಾಧಾನ ಹೇಳಿದರು. ಆ ವಾಸನೆ ನಮಗೆ ಹೊಸದಾಗಿರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನೂ ಹಾವನ್ನೂ ಜಾಡಿಯಲ್ಲಿಟ್ಟು ಕೆಡದಂತೆ ಕಾಪಾಡುವ ದ್ರವದ ವಾಸನೆಗೆ ಅದು ಹತ್ತಿರದ ನೆಂಟ.

ಆ ದ್ರವದ ಹೆಸರು ಫಾರ್ಮಲಿನ್. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ದೊರೆಯುವುದು ಅದೇ. ಜಾಡಿಯೊಳಗಿನ ವಸ್ತು ಬಡಗಿಯ ಹಲಗೆಯೊಳಕ್ಕೆ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಹಲಗೆಯನ್ನು ತಯಾರಿಸುವ ಬಗೆಯನ್ನು ಕೊಂಚ ನೋಡಬೇಕು.

ಮರದ ದಿಮ್ಮಿಯನ್ನು ಬೇಯಿಸಿ ಮೆತ್ತಗೆ ಮಾಡಿ, ಯಂತ್ರದಲ್ಲಿ ತಿರುಗಿಸುತ್ತ ಉದ್ದನೆಯ ಅಲಗಿಗೆ ಒತ್ತಿ ಹಿಡಿದರೆ, ಸುತ್ತಿಟ್ಟ ಚಾಪೆ ಬಿಚ್ಚಿಕೊಳ್ಳುವಂತೆ ತೆಳುವಾದ ಪದರ ಎದ್ದು ಬರುತ್ತದೆ. ಈ ಪದರಗಳನ್ನು ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡವಾಗುವಂತೆ ಅಂಟು ಬಳಿದು ಜೋಡಿಸಿ, ಬಿಸಿಯಾದ ಉಕ್ಕಿನ ಫಲಕಗಳ ನಡುವೆ ಒತ್ತಿದರೆ ಪ್ಲೈವುಡ್ ಸಿದ್ಧವಾಗುತ್ತದೆ. ಮರವು ತೇವ ಹೀರಿದಾಗ ಎಳೆಯ ಉದ್ದಕ್ಕೆ ಬಲು ಸ್ವಲ್ಪವೂ ಎಳೆಗೆ ಅಡ್ಡವಾಗಿ ಬಹಳವೂ ಉಬ್ಬುತ್ತದೆ. ಅಡ್ಡಡ್ಡಲಾಗಿ ಕೂಡಿಸಿದ ಪದರಗಳಲ್ಲಿ ಒಂದು ಉಬ್ಬಲು ಹೋದರೆ ಪಕ್ಕದ್ದು ಬಿಡದು. ಹೀಗಾಗಿ ಒಳ್ಳೆಯ ಪ್ಲೈವುಡ್ ಬಿರಿಯುವುದೂ ಇಲ್ಲ, ಸೊಟ್ಟಗಾಗುವುದೂ ಕಡಮೆ. ಮರದ ಚೂರುಗಳನ್ನು ಅಂಟಿನೊಡನೆ ಕಲಸಿ ಒತ್ತಿದರೆ ಪಾರ್ಟಿಕಲ್ ಬೋರ್ಡ್. ಮರವನ್ನು ನಾರಾಗಿ ಬಿಡಿಸಿ ಅಂಟು ಸೇರಿಸಿ ಒತ್ತಿದರೆ ಎಂ.ಡಿ.ಎಫ್. ಮರವನ್ನು ಸಣ್ಣದಾಗಿ ಒಡೆದಷ್ಟೂ ಅಂಟಿನ ಪಾಲು ಹೆಚ್ಚು ಎಂಬುದನ್ನು ವಿದ್ಯಾರ್ಥಿಗಳು ಗಮನದಲ್ಲಿಡಬೇಕು.

ಹಿಂದಿನ ಆಚಾರಿಗಳು ಪ್ರಾಣಿಗಳ ಚರ್ಮ ಮೂಳೆಗಳಿಂದಾದ ಸರೇಸನ್ನು ಕಾಯಿಸಿ ಬಳಿಯುತ್ತಿದ್ದರು. ಅದು ನೀರು ತಾಕಿದರೆ ಬಿಟ್ಟುಕೊಳ್ಳುತ್ತಿದ್ದಿತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞನು ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ರಾಳವನ್ನು ಸಿದ್ಧಪಡಿಸಿದನು. ಅದೇ ಬೇಕಲೈಟ್. ಅದರ ವಂಶದ ಫಿನಾಲಿಕ್ ಅಂಟಿನಿಂದ ಕೂಡಿಸಿದ ಹಲಗೆಯು ಕುದಿಯುವ ನೀರಿಗೂ ಜಗ್ಗದು. ಇದಕ್ಕಿಂತ ಅಗ್ಗವಾದುದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್‌ಗಳ ಅಂಟು. ಈ ಯೂರಿಯಾ ನಮ್ಮ ರೈತರು ಹೊಲಕ್ಕೆ ಎರಚುವ ಯೂರಿಯಾವೇ. ಇದು ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲದುದರಿಂದ ಕಲೆಯಾಗುವುದಿಲ್ಲ. ಆದರೆ ಇದರ ರಾಸಾಯನಿಕ ಕಟ್ಟು ಅಷ್ಟು ಭದ್ರವಲ್ಲ. ತೇವವೂ ಶಾಖವೂ ಕೂಡಿದರೆ ಅದು ಮೆಲ್ಲಮೆಲ್ಲನೆ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡನ್ನು ಮರಳಿ ಗಾಳಿಗೆ ಬಿಡುತ್ತದೆ. ತಯಾರಿಸುವಾಗ ಕೂಡದೆ ಉಳಿದ ಅನಿಲವು ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಿ ಹೊರಬೀಳುವುದು. ಅಂಟು ಬಿಚ್ಚಿಕೊಂಡು ಬರುವುದು ವರ್ಷಗಟ್ಟಲೆ ನಡೆಯುವುದು. ಅಜ್ಜಿಯ ಮಾತು ಅರ್ಧ ನಿಜ. ವಾಸನೆ ಕಡಮೆಯಾಗುತ್ತದೆ, ಆದರೆ ಹೋದುದು ಅನಿಲವೋ ಅಥವಾ ಅದನ್ನು ಗುರುತಿಸುವ ಮೂಗಿನ ಚುರುಕೋ ಎಂದು ಹೇಳಲು ಬಾರದು, ಏಕೆಂದರೆ ಮೂಗು ಎಲ್ಲ ವಾಸನೆಗಳಿಗೂ ಒಗ್ಗಿಕೊಳ್ಳುತ್ತದೆ.

ಈ ಅನಿಲ ಎಷ್ಟು ಕೆಡುಕಿನದು? ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಮಂಡಲಿಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿತು. 2010ರಲ್ಲಿ ಅದೇ ಸಂಸ್ಥೆಯು ಮನೆಯೊಳಗಿನ ಗಾಳಿಯಲ್ಲಿ ಘನಮೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂದು, ಅರ್ಧ ಗಂಟೆಯ ಸರಾಸರಿಯಾಗಿ, ಮಿತಿಯನ್ನು ಹೇಳಿತು. ಹಾಗೆಂದು ಇದು ಅಪರೂಪದ ವಿಷವೆಂದು ತಿಳಿಯಬಾರದು. ನಮ್ಮ ದೇಹದಲ್ಲಿಯೇ ಅತಿಸ್ವಲ್ಪವಾಗಿ ಇದು ಹುಟ್ಟುತ್ತದೆ; ಸೌದೆಯ ಹೊಗೆಯಲ್ಲಿ ಉಂಟು, ಊದುಬತ್ತಿಯ ಹೊಗೆಯಲ್ಲಿಯೂ ಉಂಟು. ಪ್ರಶ್ನೆ ಇರುವುದು ಪ್ರಮಾಣದಲ್ಲಿ.

ಪ್ರಮಾಣದ ಮಾತಿಗೆ ಅಮೆರಿಕದ ಅನುಭವವೊಂದನ್ನು ಹೇಳಬೇಕು. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಲ್ಲಿನ ಸರಕಾರವು ಗಾಲಿಗಳ ಮೇಲಿನ ತಾತ್ಕಾಲಿಕ ಮನೆಗಳನ್ನು ಕೊಟ್ಟಿತು. ಗೋಡೆ, ನೆಲ, ಕಪಾಟು ಹೆಚ್ಚಾಗಿ ಇಂಥ ಹಲಗೆಗಳವೇ. ಒಳಗಿದ್ದವರು ಕಣ್ಣುರಿ, ಉಬ್ಬಸ, ತಲೆನೋವುಗಳೆಂದು ದೂರಿದರು. 2007ರ ಡಿಸೆಂಬರಿನಿಂದ 2008ರ ಜನವರಿಯವರೆಗೆ 519 ಮನೆಗಳ ಗಾಳಿಯನ್ನು ಪರೀಕ್ಷಿಸಿದಾಗ ನೂರು ಕೋಟಿ ಪಾಲು ಗಾಳಿಯಲ್ಲಿ ಸರಾಸರಿ 77 ಪಾಲು, ಅತಿ ಹೆಚ್ಚೆಂದರೆ 590 ಪಾಲು ಫಾರ್ಮಾಲ್ಡಿಹೈಡ್ ಕಂಡುಬಂದಿತು. ಮೇಲೆ ಹೇಳಿದ ಮಿತಿಯನ್ನು ಇದೇ ಅಳತೆಗೆ ತಂದರೆ ಸುಮಾರು 80 ಪಾಲು. ಸರಾಸರಿಯು ಮಿತಿಯ ಹೊಸ್ತಿಲಲ್ಲಿದೆ, ಅಷ್ಟಕ್ಕೇಕೆ ಗದ್ದಲ ಎಂದು ವಾಚಕರು ಕೇಳಬಹುದು. ಆ ಪರೀಕ್ಷೆ ನಡೆದುದು ಚಳಿಗಾಲದಲ್ಲಿ, ಬಹುಪಾಲು ಮನೆಗಳು ಹಳೆಯದಾಗಿ ಅನಿಲವು ಬಹಳಷ್ಟು ಹೊರಟುಹೋದ ಮೇಲೆ. ಹೊಸದಾಗಿ ಬೇಸಗೆಯಲ್ಲಿ ಹೊಕ್ಕವರು ಉಸಿರಾಡಿದುದು ಇದಕ್ಕಿಂತ ಹೆಚ್ಚೆಂದು ಪರೀಕ್ಷಿಸಿದವರೇ ಎಣಿಸಿದರು. ಇದಾದ ಮೇಲೆ 2010ರಲ್ಲಿ ಆ ದೇಶವು ಹಲಗೆಗಳಿಂದ ಹೊರಡುವ ಅನಿಲಕ್ಕೆ ಮಿತಿ ಹಾಕುವ ಕಾನೂನನ್ನು ಮಾಡಿತು.

ನಮ್ಮ ಮನೆಗಳು ಗಾಲಿಯ ಡಬ್ಬಿಗಳಲ್ಲ, ಇಟ್ಟಿಗೆ ಗೋಡೆಯವು, ಹಲಗೆ ಎಷ್ಟಿದ್ದೀತು ಎನ್ನುವವರುಂಟು. ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಅದರಲ್ಲಿ 6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಬೀರು. ಹಿಂಭಾಗ 42 ಚದರಡಿ, ಬಾಗಿಲುಗಳು 42, ಪಕ್ಕಗಳೆರಡು 28, ಮೇಲೂ ಕೆಳಗೂ 24, ನಡುವಿನ ಅಡ್ಡಗೋಡೆ 14, ನಾಲ್ಕು ಅಂತಸ್ತಿಗೆ 48. ಒಟ್ಟು 198. ಹಲಗೆಗೆ ಎರಡು ಮುಖಗಳಿರುವುದರಿಂದ ಸುಮಾರು 400 ಚದರಡಿ. ಕೋಣೆಯ ನಾಲ್ಕು ಗೋಡೆಗಳ ವಿಸ್ತೀರ್ಣವೂ 400 ಚದರಡಿಯೇ! ಒಂದು ಬೀರುವನ್ನು ಇಟ್ಟುದು ನಾಲ್ಕು ಗೋಡೆಗಳಿಗೂ ಹಲಗೆ ಹೊದಿಸಿದಂತಾಯಿತು.

ಐರೋಪ್ಯರು ಕಡಮೆ ಅನಿಲ ಬಿಡುವ ಹಲಗೆಗೆ ಇ-1 ಎಂಬ ದರ್ಜೆಯನ್ನು ಇಟ್ಟಿದ್ದಾರೆ. ಒಂದು ಘನಮೀಟರ್ ಗಾಳಿಗೆ ಒಂದು ಚದರಮೀಟರ್ ಹಲಗೆಯನ್ನು ಇರಿಸಿ, 23 ಡಿಗ್ರಿ ಶಾಖದಲ್ಲಿ, ಗಂಟೆಗೊಮ್ಮೆ ಪೆಟ್ಟಿಗೆಯ ಗಾಳಿಯೆಲ್ಲ ಬದಲಾಗುವಂತೆ ಮಾಡಿ ಅಳೆದಾಗ 0.124 ಮಿಲಿಗ್ರಾಮನ್ನು ಮೀರದ ಹಲಗೆ ಇ-1. ನಮ್ಮ ಲೆಕ್ಕದ ಕೋಣೆಯಲ್ಲಿ ಘನಮೀಟರಿಗೆ ಸುಮಾರು 1.3 ಚದರಮೀಟರ್ ಹಲಗೆಯಾಯಿತು. ಗುಂಡ್ಲುಪೇಟೆಯ ಏಪ್ರಿಲ್ ಮಧ್ಯಾಹ್ನದಲ್ಲಿ 23 ಡಿಗ್ರಿ ಎಲ್ಲಿಯದು? ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗೊಮ್ಮೆ ಗಾಳಿ ಬದಲಾಗುವುದೆಲ್ಲಿ ಬಂತು? ದರ್ಜೆಯ ಹಲಗೆಯೇ ಹೀಗಾದರೆ, ದರ್ಜೆಯೇ ಇಲ್ಲದ ಅಗ್ಗದ ಹಲಗೆಯ ಮಾತನ್ನು ಹೇಳಬೇಕಾದುದಿಲ್ಲ. ಮೇಲೆ ಹೊಳಪಿನ ಸನ್‌ಮೈಕಾ ಅಂಟಿಸಿದರೆ ಅನಿಲವು ಬಹಳಮಟ್ಟಿಗೆ ತಡೆಯಲ್ಪಡುತ್ತದೆಂಬುದು ನಿಜ. ಆದರೆ ಬಡಗಿಯು ಕಾಣುವ ಮುಖಕ್ಕೆ ಅದನ್ನು ಅಂಟಿಸಿ, ಬೀರುವಿನ ಹಿಂಬದಿಯನ್ನೂ ಒಳಗಿನ ಅಂಚುಗಳನ್ನೂ ತಿರುಪಿನ ತೂತುಗಳನ್ನೂ ಹಾಗೆಯೇ ಬಿಡುತ್ತಾನೆ. ಅನಿಲಕ್ಕೆ ಬಾಗಿಲು ಅಲ್ಲಿಯೇ.

ಇಷ್ಟನ್ನು ಓದಿದವರು ನಾವು ತೇಗದ ತೊಲೆಯ ಕಾಲಕ್ಕೆ ಮರಳಿರೆಂದು ಹೇಳುತ್ತಿದ್ದೇವೆಂದು ಭಾವಿಸದಿರಲಿ. ಆ ದಾರಿ ಮುಚ್ಚಿದೆ, ಮುಚ್ಚಿದುದೇ ಒಳ್ಳೆಯದಾಯಿತು. ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ಬಿಗಿಯಾದ ಕಡಿವಾಣ ಹಾಕಿತು. ಇಂದಿನ ಹಲಗೆಗೆ ಬರುವುದು ರಬ್ಬರ್, ನೀಲಗಿರಿ, ಸಿಲ್ವರ್ ಓಕ್, ಹೆಬ್ಬೇವುಗಳಂಥ ನೆಟ್ಟು ಬೆಳೆಸಿದ ಮರ. ಕೆಲವೇ ವರ್ಷಗಳಲ್ಲಿ ಬೆಳೆಯುವ ಮೆದು ಮರದಿಂದ ನೂರು ವರ್ಷದ ತೇಗದ ಕೆಲಸವನ್ನು ಮಾಡಿಸಿಕೊಳ್ಳುವುದು ಸಾಮಾನ್ಯ ಸಾಹಸವಲ್ಲ. ಒಂದು ಎಕರೆ ಕಾಡು ಉಳಿಯುವುದಾದರೆ ಹತ್ತು ಲಾರಿ ಪ್ಲೈವುಡ್ ಬರಲಿ ಎಂದೇ ನಮ್ಮ ಮತ. ನಮ್ಮ ಜಗಳ ಹಲಗೆಯೊಡನಲ್ಲ, ಅದರ ಗುಣವನ್ನು ಹೇಳದೆ ಮಾರುವ ಪದ್ಧತಿಯೊಡನೆ.

ಬೆಂಕಿಯ ವಿಚಾರ ಬೇರೆಯದೇ. ದಪ್ಪನೆಯ ತೊಲೆ ಹೊತ್ತಿಕೊಂಡಾಗ ಹೊರಮೈ ಇದ್ದಿಲಾಗಿ, ಆ ಇದ್ದಿಲೇ ಒಳಮರಕ್ಕೆ ಕವಚವಾಗುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಷ್ಟೇ ಬೆಂಕಿ ಒಳಗಿಳಿಯುವುದು. ಅರ್ಧ ಗಂಟೆಯಾದರೂ ಪ್ರತಿ ಪಕ್ಕದಿಂದ ಎರಡು ಸೆಂಟಿಮೀಟರ್ ಹೋಗಿರುತ್ತದೆ ಅಷ್ಟೆ. ತೆಳುಹಲಗೆಗೆ ಈ ಕವಚ ಕಟ್ಟಿಕೊಳ್ಳಲು ಪುರಸೊತ್ತಿಲ್ಲ. ಮರದ ಚೌಕಟ್ಟಿನ ಮನೆಗಳನ್ನು ಕಟ್ಟುವ ಅಮೆರಿಕದಲ್ಲಿ 2008ರಲ್ಲಿ ಪ್ರಯೋಗ ಮಾಡಿ ನೋಡಿದಾಗ, ಕೆಳಗೆ ಯಾವ ಹೊದಿಕೆಯೂ ಇಲ್ಲದ ಗಟ್ಟಿಮರದ ಜಂತೆಗಳ ನೆಲವು ಸುಮಾರು 18 ನಿಮಿಷ ತಾಳಿತು; ನಡುವೆ ತೆಳುಹಲಗೆಯಿರುವ ಹೊಸ ಬಗೆಯ ತೊಲೆಗಳ ನೆಲವು ಸುಮಾರು 6 ನಿಮಿಷಕ್ಕೇ ಕುಸಿಯಿತು. ನಮ್ಮಲ್ಲಿ ಹಲಗೆಯ ಮೇಲೆ ಮನೆ ನಿಂತಿಲ್ಲವಾದುದರಿಂದ ಈ ಭಯ ಅಷ್ಟಿಲ್ಲ. ಆದರೆ ಗ್ಯಾಸ್ ಒಲೆಯ ನೆತ್ತಿಯ ಮೇಲೆಯೇ ಕಪಾಟನ್ನು ಇಳಿಬಿಡುವವರು, ಹುಸಿ ಮಾಳಿಗೆಯೊಳಗೆ ವಿದ್ಯುತ್ತಿನ ತಂತಿಗಳನ್ನು ಬರಿದಾಗಿ ಓಡಿಸುವವರು, ಬೆಂಕಿಯನ್ನು ತಡೆಯುವಂತೆ ಸಂಸ್ಕರಿಸಿದ ಪ್ಲೈವುಡ್‌ಗೆ 5509 ಎಂಬ ಸಂಖ್ಯೆಯ ಭಾರತೀಯ ಮಾನಕವೇ ಉಂಟೆಂಬುದನ್ನು ತಿಳಿದಿರಬೇಕು.

ನೀರಿನ ವಿಷಯದಲ್ಲಿ ಜನರ ತಿಳಿವಳಿಕೆ ತಕ್ಕಮಟ್ಟಿಗೆ ಇದೆ, ಆದರೆ ಮೋಸವೂ ಇದೆ. ಎಂ.ಆರ್. ಎಂದು ಮುದ್ರೆಯೊತ್ತಿದ ಹಲಗೆಯನ್ನು ‘ವಾಟರ್‌ಪ್ರೂಫ್’ ಎಂದು ಹೇಳಿ ಮಾರುವುದುಂಟು. ಅದು ಗಾಳಿಯ ತೇವವನ್ನು ತಾಳಬಲ್ಲದು, ಬಚ್ಚಲುಮನೆಯ ನೀರನ್ನಲ್ಲ. ಕುದಿನೀರನ್ನು ತಾಳುವುದಕ್ಕೆ ಬಿ.ಡಬ್ಲ್ಯು.ಆರ್. ಎಂಬ ಮುದ್ರೆ, 710ನೆಯ ಮಾನಕದ ಹಲಗೆಯಂತೂ 72 ಗಂಟೆಗಳ ಕಾಲ ಕುದಿಸಿದರೂ ಪದರ ಬಿಡಬಾರದು. ಅಂಟಿನ ಗೆರೆ ಕಪ್ಪಗಿದ್ದರೆ ಒಳ್ಳೆಯದೆಂದು ಕೆಲವರು ಗುರುತು ಹೇಳುತ್ತಾರೆ. ಅಗ್ಗದ ಅಂಟಿಗೆ ಬಣ್ಣ ಬೆರೆಸುವುದು ಕಷ್ಟದ ಕೆಲಸವಲ್ಲವಾದುದರಿಂದ ಅದನ್ನು ನೆಚ್ಚುವಂತಿಲ್ಲ.

ಇನ್ನು ಯಾರೂ ಎತ್ತದ ಮಾತೊಂದು. ಹಲಗೆಯ ಕೇಡನ್ನು ಎಲ್ಲರಿಗಿಂತ ಹೆಚ್ಚಾಗಿ ಉಣ್ಣುವವನು ಮನೆಯ ಯಜಮಾನನಲ್ಲ, ಬಡಗಿ. ಹಿಂದಿನ ಕೈಗರಗಸವು ಹೊಟ್ಟನ್ನು ಕಾಲಬುಡಕ್ಕೆ ಉದುರಿಸುತ್ತಿದ್ದಿತು. ಇಂದಿನ ವಿದ್ಯುತ್ ಗರಗಸವು ಹಿಟ್ಟಿನಂಥ ಹುಡಿಯನ್ನು ಮುಖಕ್ಕೆ ಎರಚುತ್ತದೆ; ಆ ಹುಡಿಯಲ್ಲಿ ಮರವೂ ಉಂಟು, ಅಂಟೂ ಉಂಟು. ಬರಿಯ ಮರದ ಹುಡಿಯನ್ನೇ ಕ್ಯಾನ್ಸರ್ ಮಂಡಲಿಯು 1995ರಲ್ಲಿ ಮೊದಲ ವರ್ಗದಲ್ಲಿ ಸೇರಿಸಿತ್ತು. ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ ಬಾಗಿಲು ಹಾಕಿದ ಹೊಸ ಕೋಣೆಯೊಳಗೆ ಹದಿನೆಂಟು ಇಪ್ಪತ್ತು ವರ್ಷದ ಹುಡುಗರು ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡು, ಅದೂ ಇಲ್ಲದೆ, ದಿನವೆಲ್ಲ ಕೊಯ್ಯುವುದನ್ನು ಯಾರಾದರೂ ನೋಡಬಹುದು. ಅರಿವೆಯ ಎಳೆಗಳ ನಡುವಣ ಸಂದಿಗಿಂತ ಆ ಹುಡಿ ಸಣ್ಣದು. ಈ ವಾಚಕರಲ್ಲಿ ಕೆಲವರ ಅಣ್ಣಂದಿರೇ ಆ ಕೆಲಸದಲ್ಲಿರಬಹುದು. ಕೊಯ್ಯುವುದನ್ನು ಅಂಗಳದಲ್ಲಿ ಮಾಡುವುದಕ್ಕೂ ಒಂದು ಒಳ್ಳೆಯ ಮುಖಗವಸನ್ನು ತರಿಸುವುದಕ್ಕೂ ಹೆಚ್ಚು ಹಣ ಬೇಕಿಲ್ಲ.

ಕೊಯ್ದು ಉಳಿದ ತುಂಡುಗಳ ಗತಿಯೇನು? ನಾವು ಹೇಳಿದ ಗೃಹಪ್ರವೇಶದ ಮನೆಯ ಹಿತ್ತಿಲಲ್ಲಿ ಅವನ್ನು ಒಟ್ಟಿದ್ದರು. ‘ಎರಡು ತಿಂಗಳ ಬಚ್ಚಲೊಲೆಗೆ ಆಯ್ತು’ ಎಂದು ಯಜಮಾನರು ಸಂತೋಷಪಟ್ಟರು. ಹಂಡೆಯ ಒಲೆಗೆ ಏನು ಸಿಕ್ಕಿದರೂ ಹಾಕುವುದು ನಮ್ಮ ಸೀಮೆಯ ರೂಢಿ. ಆದರೆ ಈ ತುಂಡುಗಳು ಸೌದೆಯಲ್ಲ. ಯೂರಿಯಾ ಅಂಟಿನಲ್ಲಿರುವ ಸಾರಜನಕವು ಅರೆಬೆಂಕಿಯಲ್ಲಿ ವಿಷಾನಿಲಗಳಾಗಿ ಹೊರಡುತ್ತದೆ. ಹೈಡ್ರೊಜನ್ ಸಯನೈಡ್ ಅವುಗಳಲ್ಲೊಂದು. ಅಂಚಿಗೆ ಅಂಟಿಸಿದ ಪಿ.ವಿ.ಸಿ. ಪಟ್ಟಿ ಉರಿದರೆ ಹೈಡ್ರೊಕ್ಲೋರಿಕ್ ಆಮ್ಲದ ಆವಿ. ಮರಕ್ಕೆ ಕೊರೆಹುಳು ಹತ್ತದಂತೆ ಊಡಿಸುವ ಔಷಧಗಳಲ್ಲಿ ಬೋರಾನಿನವು ಸೌಮ್ಯವಾದುವು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳು ಕೂಡಿದ ಔಷಧವೂ ಒಂದುಂಟು. ಅಮೆರಿಕದ ತಯಾರಕರು 2003ರ ಕೊನೆಗೆ ಅದನ್ನು ಮನೆಬಳಕೆಯ ಮರಕ್ಕೆ ಹಾಕುವುದನ್ನು ನಿಲ್ಲಿಸಿದರು. ಅಂಥ ಔಷಧ ಊಡಿಸಿದ ಮರವನ್ನು ಸುಟ್ಟರೆ ಆರ್ಸೆನಿಕ್‌ನ ಬಹುಭಾಗ ಬೂದಿಯಲ್ಲಿಯೇ ಉಳಿಯುತ್ತದೆ. ಬೂದಿಯಿಂದ ಪಾತ್ರೆ ತೊಳೆಯುವವರು, ಅದನ್ನು ಸೊಪ್ಪಿನ ಮಡಿಗೆ ಎರಚುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಯಾವ ತುಂಡಿಗೆ ಯಾವ ಔಷಧ ಬಿದ್ದಿದೆಯೆಂದು ನೋಟದಿಂದ ಹೇಳಲು ಬಾರದಿರುವಾಗ ಯಾವುದನ್ನೂ ಒಲೆಗಿಡದಿರುವುದೇ ಲೇಸು.

ತಿಳಿವಳಿಕೆಯ ಕೊರತೆ ನಮ್ಮ ನಾಡಿನಲ್ಲಿಲ್ಲ. ಮೈಸೂರು ಸಂಸ್ಥಾನವು 1938ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವನ್ನು ತೆರೆಯಿತು. ಇಂದಿನ ಮರವಿಜ್ಞಾನ ಸಂಸ್ಥೆಯ ಮೂಲ ಅದು. ಪ್ಲೈವುಡ್ಡಿಗೆಂದೇ ಮೀಸಲಾದ ಸಂಶೋಧನ ಸಂಸ್ಥೆ 1962ರಲ್ಲಿ ಅದೇ ಊರಿನಲ್ಲಿ ಆರಂಭವಾಗಿ, ಬಿದಿರು ಚಾಪೆಯಿಂದ ಮಾಡಿದ ಹಲಗೆಗಳನ್ನೂ ಚಾವಣಿಯ ತಗಡುಗಳನ್ನೂ ದೇಶಕ್ಕೆ ಕೊಟ್ಟಿತು. 2023ರಲ್ಲಿ ಕೇಂದ್ರ ಸರಕಾರವು ಪ್ಲೈವುಡ್ ಮತ್ತು ಇತರ ಮರದ ಹಲಗೆಗಳಿಗೆ ಮಾನಕ ಸಂಸ್ಥೆಯ ಮುದ್ರೆಯನ್ನು ಕಡ್ಡಾಯಮಾಡುವ ಆದೇಶಗಳನ್ನು ಹೊರಡಿಸಿತು. ಜಾರಿಯ ದಿನವು ಅನಂತರ ಮುಂದೂಡಲ್ಪಟ್ಟಿತು. ಬೆಂಗಳೂರಿನ ಪ್ರಯೋಗಶಾಲೆಗೂ ಗುಂಡ್ಲುಪೇಟೆಯ ಅಂಗಡಿಗೂ ನಡುವೆ ಇರುವುದು ಸುಮಾರು ಇನ್ನೂರು ಕಿಲೋಮೀಟರ್ ದೂರ. ಅಷ್ಟು ದೂರವನ್ನು ವಿದ್ಯೆ ನಡೆದು ಬರಲು ಇಷ್ಟು ಕಾಲ ಬೇಕೆ? ಪ್ರತಿಯೊಂದು ಹಲಗೆಯ ಮೇಲೆ ಯಾವ ಅಂಟು, ಅನಿಲದ ಯಾವ ದರ್ಜೆ, ಯಾವ ಔಷಧ ಎಂಬ ಮೂರು ವಿಷಯಗಳನ್ನು ಕನ್ನಡದಲ್ಲಿ ಅಚ್ಚೊತ್ತಬೇಕು, ಅವೇ ಮೂರನ್ನು ಅಂಗಡಿಯವನು ಬಿಲ್ಲಿನಲ್ಲಿ ಬರೆಯಬೇಕು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಗೊಬ್ಬರದ ಚೀಲದ ಮೇಲೆ ಸಾರಜನಕದ ಪ್ರಮಾಣವನ್ನು ಓದಿ ಕೊಳ್ಳುವ ರೈತನಿಗೆ ಇದನ್ನು ಓದುವುದು ಹೊರೆಯಾಗದು.

ಅದಾಗುವವರೆಗೆ ಮನೆಯವರು ಮಾಡಬಹುದಾದುದು ಮುಖ್ಯವಾಗಿ ಒಂದು: ಮರಗೆಲಸವನ್ನು ಗೃಹಪ್ರವೇಶದ ಹಿಂದಿನ ಸಂಜೆಗೆ ಮುಗಿಸುವ ಬದಲು ತಿಂಗಳೊಂದರ ಮುಂಚೆಯೇ ಮುಗಿಸಿ, ಬೀರುವಿನ ಬಾಗಿಲುಗಳನ್ನೂ ಕಿಟಕಿಗಳನ್ನೂ ಹಗಲೆಲ್ಲ ತೆರೆದಿಡುವುದು, ಬಿಟ್ಟುಹೋದ ಅಂಚುಗಳಿಗೆ ಬಣ್ಣವನ್ನೋ ಮೆರುಗನ್ನೋ ಬಳಿಸುವುದು. ಮುಹೂರ್ತವು ವೈಶಾಖದಲ್ಲಿಯೇ ಬಂದರೆ ಮರಗೆಲಸ ಮಾಘದಲ್ಲಿ ಮುಗಿದಿರಲಿ; ಬೇಸಗೆಯ ಶಾಖವು ಖಾಲಿ ಮನೆಯ ಹಲಗೆಯಿಂದ ಅನಿಲವನ್ನು ಹೊರಡಿಸಿ ಉಪಕಾರವನ್ನೇ ಮಾಡುತ್ತದೆ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗವೊಂದುಂಟು. ಬಡಗಿಯಿಂದ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್.ಗಳ ಅಂಗೈಯಗಲದ ತುಂಡುಗಳನ್ನು ಬೇಡಿ ತನ್ನಿರಿ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ದಪ್ಪವನ್ನು ನಾಲ್ಕು ಕಡೆ ಅಳೆದು ಸರಾಸರಿ ತೆಗೆದು, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ಅಳೆಯಿರಿ. ಶೇಕಡಾ ಎಷ್ಟು ಉಬ್ಬಿತೆಂಬುದನ್ನು ಪಟ್ಟಿ ಮಾಡಿರಿ. ಆ ಬಳಿಕ ನಿಮ್ಮ ಮನೆಯ ಅಡುಗೆಕೋಣೆಯ ತೊಟ್ಟಿಯ ಕೆಳಗಣ ಕಪಾಟು ಇವುಗಳಲ್ಲಿ ಯಾವುದರಿಂದಾದುದೆಂದು ಬಗ್ಗಿ ನೋಡಿರಿ.

ಆ ಗೃಹಪ್ರವೇಶದ ಮನೆಯ ಯಜಮಾನರನ್ನು ಹೊರಡುವ ಮುನ್ನ ನಾವು ಹಲಗೆಯ ಬಿಲ್ಲನ್ನು ತೋರಿಸುವಿರಾ ಎಂದು ಕೇಳಿದೆವು. ಅವರು ಬೀರುವಿನೊಳಗಿನಿಂದಲೇ ಅದನ್ನು ತೆಗೆದುಕೊಟ್ಟರು. ‘8×4, 18 ಎಂ.ಎಂ., 22 ನಗ’ ಎಂದು ಬರೆದು, ಕೆಳಗೆ ಮೊತ್ತ ಹಾಕಿತ್ತು.